ಅತ್ಯಧಿಕ ಶಕ್ತಿಯ ಕಾಸ್ಮಿಕ್ ಕಿರಣಗಳ ಮೂಲ ಹುಡುಕಲು ಗಾಮಾ ಕಿರಣಗಳೇಕೆ ಬೇಕು?

ಗಾಮಾ ಕಿರಣಗಳು ಅತಿ ಹೆಚ್ಚು ಶಕ್ತಿಯ ಬೆಳಕು, ಅವುಗಳಿಗೆ ವಿದ್ಯುದಾವೇಶವಿಲ್ಲ. ಹುಟ್ಟಿದಲ್ಲಿಂದ ನೇರವಾಗಿ ಬರುತ್ತವೆ, ಅದಕ್ಕೆ. ಕಾಸ್ಮಿಕ್ ಕಿರಣಗಳು ಹೆಸರಿಗಷ್ಟೇ ಕಿರಣ. ನಿಜದಲ್ಲಿ ಆವೇಶವುಳ್ಳ ಪ್ರೋಟಾನ್ ಮತ್ತು ಪರಮಾಣು ಬೀಜಗಳು. ಬಾಹ್ಯಾಕಾಶದ ಕಾಂತಕ್ಷೇತ್ರಗಳು ಅವುಗಳ ದಾರಿಯನ್ನು ಬಾಗಿಸುತ್ತವೆ. ಶಕ್ತಿ ಹೆಚ್ಚಿದಷ್ಟೂ ಬಾಗು ಕಡಿಮೆ, ಆದರೆ ಇಲ್ಲವೆಂದಲ್ಲ. ಕಾರವಾರದ ಕಡಲತೀರದ ಉದಾಹರಣೆಯಲ್ಲಿ ಹೀಗೆ ಹೇಳಬಹುದು: ಕಾಳಿ ಅಳಿವೆಯ ಸೆಳೆತಕ್ಕೆ ಸಿಕ್ಕಿ ಬಂದ ದೋಣಿ ಎಲ್ಲಿಂದ ಹೊರಟಿತೆಂದು ಅದರ ದಿಕ್ಕು ನೋಡಿ ತಿಳಿಯದು, ದೇವಗಡ ದ್ವೀಪದ ದೀಪಸ್ತಂಭದ ಬೆಳಕು ತನ್ನ ಜಾಗವನ್ನು ತಾನೇ ತೋರಿಸುತ್ತದೆ.

ಮೂಲದ ಬಳಿಯ ಅನಿಲಕ್ಕೋ ಬೆಳಕಿಗೋ ಪ್ರೋಟಾನ್ ಡಿಕ್ಕಿ ಹೊಡೆದಾಗ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟುತ್ತದೆ. ಆವೇಶವಿಲ್ಲದ ಪಯಾನ್ ಒಡೆದು ಗಾಮಾ ಕಿರಣಗಳಾಗುತ್ತದೆ. ತೊಡಕೆಂದರೆ ವೇಗದ ಎಲೆಕ್ಟ್ರಾನ್‌ಗಳೂ ಗಾಮಾ ಸೂಸುತ್ತವೆ. ಆದರೆ ನ್ಯೂಟ್ರಿನೊ ಎಂಬ ಆವೇಶವಿಲ್ಲದ ಕಣ ಪ್ರೋಟಾನ್ ಡಿಕ್ಕಿಯಲ್ಲಿ ಹುಟ್ಟುತ್ತದೆ, ಎಲೆಕ್ಟ್ರಾನ್ ಗಾಮಾ ಸೂಸುವಾಗ ಹುಟ್ಟುವುದಿಲ್ಲ. ಹಾಗಾಗಿ ಅದೇ ದಿಕ್ಕಿನಿಂದ ನ್ಯೂಟ್ರಿನೊ ಕೂಡ ಬಂದರೆ ಸುಳಿವು ಗಟ್ಟಿ. 2017ರಲ್ಲಿ ದಕ್ಷಿಣ ಧ್ರುವದ ಐಸ್‌ಕ್ಯೂಬ್ ಎಂಬ ನ್ಯೂಟ್ರಿನೊ ಶೋಧಕ ಹಿಡಿದ ಒಂದು ನ್ಯೂಟ್ರಿನೊ, ಆಗ ಗಾಮಾದಲ್ಲಿ ಭುಗಿಲೆದ್ದಿದ್ದ ಬ್ಲೇಜಾರ್ (ನಡುವಿನ ಕಪ್ಪುಕುಳಿಯಿಂದ ಚಿಮ್ಮುವ ಕಣಧಾರೆ ನಮ್ಮತ್ತ ಮುಖಮಾಡಿರುವ) ಗೆಲಾಕ್ಸಿಯೊಂದರ ದಿಕ್ಕಿನಿಂದಲೇ ಬಂದಿತ್ತು.