ಮುಂದಿನ ಹಲ್ಲಿಗೆ ಹಾಕಿಸಿದ ಕಾಂಪೋಸಿಟ್ ಕಳಚಿತು, ಏಕೆ?

ಪ್ರಶ್ನೆ: ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಹಲ್ಲಿನ ಬಣ್ಣದ ಕಾಂಪೋಸಿಟ್ (ರೆಸಿನ್ ಭರ್ತಿ) ಹಾಕಿಸಿದೆ. ಆರೇ ತಿಂಗಳಿಗೆ ಕಿತ್ತುಬಂತು. ಮತ್ತೆ ಹಾಕಿಸಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ, ಆದರೆ ಬಿದ್ದದ್ದು ಹೇಗೆ ಎಂದು ಮೊದಲು ನೋಡಬೇಕು. ಇಡೀ ತುಂಡು ಒಟ್ಟಿಗೇ ಕಳಚಿದ್ದರೆ ಅಂಟು ಹಿಡಿದಿಲ್ಲವೆಂದೇ ಅನುಮಾನ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಮೇಲೆ ಸುಮಾರು 37% ಫಾಸ್ಫಾರಿಕ್ ಆಮ್ಲದ ಜೆಲ್ ಅನ್ನು 15ರಿಂದ 30 ಸೆಕೆಂಡು ಇಟ್ಟು, ತೊಳೆದು ಒಣಗಿಸಿದಾಗ ಅದು ಸೀಮೆಸುಣ್ಣದಂತೆ ಮಂಕು ಬಿಳಿಯಾಗಬೇಕು. ಅಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಅಂಟು ಇಳಿದರೇ ಹಿಡಿತ. ಆಮೇಲೆ ಒಂದಿಷ್ಟು ಎಂಜಲು ತಾಗಿದರೂ ಕೆಲಸ ಕೆಟ್ಟಂತೆ. ಎಂಜಲು ತಡೆಯಲು ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಹಾಕಿಸಿಕೊಳ್ಳಲು ದಯವಿಟ್ಟು ಬೇಸರಿಸಬೇಡಿ. ಸಾಮಾನ್ಯ ಕಾಂಪೋಸಿಟ್ ಪದರ 2 ಮಿ.ಮೀ. ಮೀರಿದರೆ ಅದನ್ನು ಗಟ್ಟಿಮಾಡುವ ನೀಲಿ ಬೆಳಕು ತಳದವರೆಗೆ ಮುಟ್ಟದೆ ಒಳಗೆ ಮೆತ್ತಗೇ ಉಳಿಯುತ್ತದೆ.

ಅಂಚು ಮಾತ್ರ ಚೂರಾಗಿದ್ದರೆ ಕಚ್ಚುವ ಭಾರ ಕಾರಣವಿರಬಹುದು. ಬಣ್ಣದ ಕಾಗದ ಕಚ್ಚಿಸಿ ಎತ್ತರದ ಜಾಗ ಸವೆಸಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ (ರಾತ್ರಿ ಹಲ್ಲಿಗೆ ಹಾಕುವ ರಕ್ಷಾ ಕವಚ) ಬೇಕೇಬೇಕು.

ಹಲ್ಲಿನ ಬಣ್ಣ ಹೊಂದಿಸುವುದು ಮೊದಲೇ, ಹಲ್ಲು ಒದ್ದೆಯಿರುವಾಗಲೇ ಆಗಲಿ. ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ. ಹಲ್ಲು ಬೆಳ್ಳಗೆ ಮಾಡಿಸುವ ಬ್ಲೀಚಿಂಗ್ ಯೋಚನೆಯಿದ್ದರೆ ಮೊದಲು ಅದನ್ನು ಮುಗಿಸಿ, ಎರಡು ವಾರ ಬಿಟ್ಟು ಇದನ್ನು ಮಾಡಿಸಿ. ಕಾಂಪೋಸಿಟ್ ಬ್ಲೀಚಿಂಗ್‌ನಿಂದ ಹಲ್ಲಿನಂತೆ ಬೆಳ್ಳಗಾಗುವುದಿಲ್ಲ.