‘ಕೋಲ್ಡ್ ಟರ್ಕಿ’ ಅಂದರೆ ಏನು? ಕನ್ನಡದಲ್ಲಿ ಅದನ್ನು ಹೇಗೆ ಹೇಳುವುದು?

ಸಿಗರೇಟು ಬಿಟ್ಟ ನಿಮ್ಮ ಗೆಳೆಯರು ‘ಐ ವೆಂಟ್ ಕೋಲ್ಡ್ ಟರ್ಕಿ’ ಅಂದರಂತೆ. ಸಿಗರೇಟಿನ ಮಾತಿಗೆ ಟರ್ಕಿ ಎಲ್ಲಿಂದ ಬಂತು, ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಅಂತ ಕೇಳಿದ್ದೀರಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ಸಲ ಇದನ್ನು ಕೇಳಿದಾಗ ನನ್ನ ತಲೆಗೆ ಟರ್ಕಿ ಕೋಳಿ ಕೂಡ ಹೊಳೆದಿರಲಿಲ್ಲ. ಟರ್ಕಿ ದೇಶಕ್ಕೆ ಹೋಗಿ ಬಂದಿರಬೇಕು, ಅಲ್ಲಿ ಚಳಿ ಜಾಸ್ತಿ ಇತ್ತೇನೋ ಅಂದುಕೊಂಡಿದ್ದೆ. ಆಮೇಲೊಮ್ಮೆ ಒಂದು ಸಬ್‌ಟೈಟಲ್‌ನಲ್ಲಿ ‘ಅವನು ತಣ್ಣನೆಯ ಟರ್ಕಿಗೆ ಹೋದ’ ಅಂತ ಬಂದಿದ್ದು ನೋಡಿ, ಸದ್ಯ ನಾನೊಬ್ಬನೇ ಅಲ್ಲವಲ್ಲ ಅನ್ನಿಸಿತು.

ಅರ್ಥ ಸುಲಭ. ಚಟವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋಗದೆ, ಇದ್ದಕ್ಕಿದ್ದ ಹಾಗೆ ಪೂರ್ತಿ ನಿಲ್ಲಿಸಿಬಿಡುವುದು. ನಿನ್ನೆ ಹತ್ತು ಸಿಗರೇಟು, ಇವತ್ತು ಸೊನ್ನೆ. ಹತ್ತರಿಂದ ಐದಕ್ಕೆ ಇಳಿಸಿದವರು ಈ ಮಾತು ಹೇಳಿಕೊಳ್ಳುವ ಹಾಗಿಲ್ಲ.

ಹುಟ್ಟಿನ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಹೆರಾಯಿನ್, ಮಾರ್ಫಿನ್ ಥರದ್ದನ್ನು ಬಿಟ್ಟವರಿಗೆ ಚಳಿ ಹತ್ತಿ ಮೈಯೆಲ್ಲ ಮುಳ್ಳೇಳುತ್ತದೆ, ಚರ್ಮ ಪುಕ್ಕ ಕಿತ್ತ ಕೋಳಿಯದರ ಹಾಗೆ ಕಾಣುತ್ತದೆ, ಅದಕ್ಕೇ ಈ ಹೆಸರು ಅಂತ. ಮುಳ್ಳೇಳುವುದು ನಿಜ. ಹೆಸರು ಅದರಿಂದಲೇ ಬಂತು ಅನ್ನುವುದು ಮಾತ್ರ ನನಗೆ ಆಮೇಲೆ ಹೊಸೆದ ಕಥೆ ಅನ್ನಿಸುತ್ತದೆ. ಯಾಕೆಂದರೆ ಅಮೆರಿಕದವರಲ್ಲಿ ‘ಟಾಕ್ ಟರ್ಕಿ’ ಅನ್ನುವ ಮಾತು ಇದಕ್ಕಿಂತ ಹಳೆಯದು. ಸುತ್ತಿ ಬಳಸದೆ ನೇರವಾಗಿ ವಿಷಯಕ್ಕೆ ಬಾ ಅಂತ ಅದರ ಅರ್ಥ. ಚಟದ ವಿಷಯದಲ್ಲೂ ಅದೇ ಧಾಟಿ ಅಲ್ವಾ? ಪೀಠಿಕೆ ಇಲ್ಲ, ಚೌಕಾಸಿ ಇಲ್ಲ. 1921ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ಪತ್ರಿಕೆ ಮಾದಕ ವಸ್ತುಗಳ ಚಟಕ್ಕೆ ಬಿದ್ದವರ ಬಗ್ಗೆ ಬರೆಯುವಾಗ ‘ಕೋಲ್ಡ್ ಟರ್ಕಿ’ ಚಿಕಿತ್ಸೆ ಅಂತ ಬರೆದಿದೆ. ಅಂದರೆ ಅಷ್ಟು ಹೊತ್ತಿಗಾಗಲೇ ಅದು ಜನರ ಬಾಯಲ್ಲಿತ್ತು.

ನಾನೂ ಸಿಗರೇಟನ್ನು ಹೀಗೇ ಬಿಟ್ಟವನು. ಮೊದಲ ಮೂರು ದಿನ ಕೆಟ್ಟದ್ದು. ಸುಮ್‌ಸುಮ್ನೆ ಸಿಟ್ಟು ಬರುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಅದಕ್ಕಿಂತ ವಿಚಿತ್ರ ಅಂದರೆ ಕೈ. ಯೋಚನೆಯಲ್ಲಿದ್ದಾಗ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತಿತ್ತು. ಅಲ್ಲಿದ್ದದ್ದು ಪೆನ್ನು. ಎರಡನೇ ದಿನ ಆ ಪೆನ್ನನ್ನೇ ತೆಗೆದು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡು, ಮೇಜಿನ ಅಂಚಿಗೆ ತಂದು, ಬೂದಿ ಉದುರಿಸುವ ಹಾಗೆ ಮೆಲ್ಲಗೆ ತಟ್ಟಿದ್ದೆ. ಎದುರಿಗೆ ಕೂತಿದ್ದವರು ‘ಯಾಕೆ, ಇಂಕ್ ಬರ್ತಿಲ್ವಾ?’ ಅಂದರು. ಹೂಂ ಅಂದೆ.

ಒಮ್ಮೆಲೇ ಬಿಡುವುದು ಬರೀ ಹಠಮಾರಿಗಳ ದಾರಿಯೇನಲ್ಲ. ಬ್ರಿಟನ್ನಿನಲ್ಲಿ ಸುಮಾರು 700 ಜನ ಧೂಮಪಾನಿಗಳನ್ನು ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೂ ಸಿಗರೇಟು ಮುಟ್ಟದೆ ಉಳಿದವರು ಒಮ್ಮೆಲೇ ಬಿಟ್ಟವರಲ್ಲಿ ಶೇ 22, ಎರಡು ವಾರ ಇಳಿಸುತ್ತ ಬಂದು ಬಿಟ್ಟವರಲ್ಲಿ ಶೇ 15.5. ಎರಡೂ ಗುಂಪಿಗೆ ನಿಕೋಟಿನ್ ಪ್ಯಾಚ್ ಮತ್ತು ಸಲಹೆಯ ಆಸರೆ ಇತ್ತು ಅನ್ನುವುದನ್ನು ಮರೆಯಬೇಡಿ. ನನಗೆ ಅದ್ಯಾವುದೂ ಇರಲಿಲ್ಲ. ಅದಕ್ಕೇ ಇರಬೇಕು, ನಾನು ಮೂರು ಸಲ ‘ಒಮ್ಮೆಲೇ’ ಬಿಡಬೇಕಾಯಿತು.

ಆದರೆ ಇದು ಸಿಗರೇಟಿನ ಮಾತು. ವರ್ಷಗಟ್ಟಲೆ ದಿನಾ ವಿಪರೀತ ಕುಡಿಯುತ್ತಿದ್ದವರು ಹೀಗೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಕುತ್ತಾಗಬಹುದು. ಕೆಲವು ನಿದ್ದೆ ಮಾತ್ರೆಗಳದ್ದೂ ಇದೇ ಕಥೆ. ಅಂಥವರು ಡಾಕ್ಟರನ್ನು ಕೇಳದೆ ಈ ಸಾಹಸಕ್ಕೆ ಕೈ ಹಾಕಬಾರದು.

ಇನ್ನು ಕನ್ನಡ. ‘ಒಂದೇ ಏಟಿಗೆ ಬಿಟ್ಟೆ’ ಅನ್ನುವುದು ನಾವೆಲ್ಲ ಆಡುವ ಮಾತು, ಅರ್ಥಕ್ಕೂ ಸರಿಯಾಗಿ ಕೂರುತ್ತದೆ. ಇದರ ನೆಂಟ ‘ಕಿಕ್ ದ ಹ್ಯಾಬಿಟ್’ ಸ್ವಲ್ಪ ತೊಡಕು. ‘ಚಟವನ್ನು ಒದ್ದೆ’ ಅಂದರೆ ಜನ ನಗುತ್ತಾರೆ. ನಮ್ಮಲ್ಲಿ ಚಟ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಒದೆಯೋಕಾಗಲ್ಲ, ಒದೆಯಲು ಹೋದರೆ ಕಾಲಿಗೂ ಅಂಟುತ್ತದೆ! ಅದನ್ನು ಬಿಡಿಸಿಕೊಳ್ಳಬೇಕು. ಹಾಗಾಗಿ ‘ಚಟ ಬಿಡಿಸಿಕೊಂಡೆ’ ಅನ್ನುವುದೇ ಚೆಂದ.

‘ಒಂದೇ ಏಟಿಗೆ’ ಅನ್ನುವುದರಲ್ಲಿ ಒಂದು ಕೊರತೆ ಇದೆ. ಇಂಗ್ಲಿಷಿನವರು ‘ಕೋಲ್ಡ್ ಟರ್ಕಿ’ ಅಂದಾಗ ಆಮೇಲಿನ ಒದ್ದಾಟವೂ ಅದರೊಳಗೇ ಕೇಳಿಸುತ್ತದೆ. ನಮ್ಮ ಮಾತು ಕೇಳಿದರೆ ಬಿಟ್ಟಿದ್ದು ಬಲು ಸಲೀಸು ಅನ್ನಿಸುತ್ತದೆ. ಆದ್ದರಿಂದ ನಿಮ್ಮ ಗೆಳೆಯರ ಮಾತನ್ನು ನಾನಾದರೆ ಹೀಗೆ ಬರೆಯುತ್ತೇನೆ: ‘ಒಂದೇ ಏಟಿಗೆ ಬಿಟ್ಟೆ ಕಣಯ್ಯಾ, ಒಂದು ವಾರ ಒದ್ದಾಡಿಬಿಟ್ಟೆ.’