ಕಾಂಟಿನೆಂಟಲ್ ಮಾರ್ಕೆಟ್‌ನಲ್ಲಿ ಮೊಟ್ಟೆ ತಿನ್ನದವರಿಗೆ ಏನಿದೆ?

ಇಂಗ್ಲೆಂಡಿನ ನಿಮ್ಮೂರಿಗೆ ಕಾಂಟಿನೆಂಟಲ್ ಮಾರ್ಕೆಟ್ (ಯುರೋಪಿನ ಬೇರೆ ಬೇರೆ ದೇಶಗಳ ತಿಂಡಿ ಅಂಗಡಿಗಳ ಸಂಚಾರಿ ಸಂತೆ) ಬರುತ್ತಿದೆ, ಮೊಟ್ಟೆಯನ್ನೂ ತಿನ್ನದ ಅಮ್ಮನಿಗೆ ಅಲ್ಲಿ ಏನು ಕೊಡಿಸಬಹುದು ಅಂತ ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ.

ಮೊದಲು ಹಂಗೇರಿಯವರ ಲಾಂಗೋಶ್ ಹುಡುಕಿ. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ತಟ್ಟಿ ಕರಿಯುತ್ತಾರೆ. ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕ್ರೀಮ್, ತುರಿದ ಚೀಸ್ ಹಾಕುತ್ತಾರೆ. ದಪ್ಪ ಭಟೂರದ ಹಾಗಿರುತ್ತದೆ. ಚೀಸ್ ಬೇಡವೆಂದರೆ ಬರೀ ಬೆಳ್ಳುಳ್ಳಿಯದ್ದೂ ಸೊಗಸು, ಬಿಸಿ ಇದ್ದಾಗಲೇ ತಿನ್ನಬೇಕು ಅಷ್ಟೇ. ಹಂಗೇರಿಯಲ್ಲಿ ಹಂದಿ ಕೊಬ್ಬಿನಲ್ಲಿ ಕರಿಯುವುದೂ ಉಂಟು, ಹಾಗಾಗಿ ಯಾವ ಎಣ್ಣೆ ಅಂತ ಕೇಳಿಕೊಳ್ಳಿ.

ಸ್ಪೇನಿನ ಕಡ್ಡಿಯಂಥ ಕರಿದ ತಿಂಡಿ ಚುರ್ರೋಸ್‌ಗೆ ಮೂಲತಃ ಮೈದಾ, ನೀರು, ಉಪ್ಪು ಸಾಕು. ಕೆಲವರು ಮೊಟ್ಟೆ ಸೇರಿಸುತ್ತಾರೆ. ಫ್ರೆಂಚರ ತೆಳು ದೋಸೆಯಂಥ ಕ್ರೇಪ್‌ನಲ್ಲಂತೂ ಸಾಮಾನ್ಯವಾಗಿ ಮೊಟ್ಟೆ ಇದ್ದೇ ಇರುತ್ತದೆ. ಕರಗಿಸಿ ಬಡಿಸುವ ರಾಕ್ಲೆಟ್ ಚೀಸ್‌ಗೆ ಹೆಚ್ಚಾಗಿ ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬಳಸುತ್ತಾರೆ, ಅಮ್ಮನಿಗೆ ಅದು ಬೇಡ.

ಕೇಳೋಕೆ ಸಂಕೋಚ ಪಡಬೇಡಿ. ಅಲ್ಲಿನ ಕಾನೂನಿನಂತೆ 14 ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಅಂಗಡಿಯವರು ಕೊಡಲೇಬೇಕು. ಮೊಟ್ಟೆ, ಹಾಲು, ಮೀನು ಆ ಪಟ್ಟಿಯಲ್ಲಿವೆ. ಕೋಳಿ, ಹಂದಿ ಮಾಂಸ ಇಲ್ಲ. ಅದಕ್ಕೇ ಅದೇ ಎಣ್ಣೆಯಲ್ಲಿ ಮಾಂಸವನ್ನೂ ಕರಿಯುತ್ತೀರಾ ಅಂತ ನೇರವಾಗಿ ಕೇಳಿಬಿಡಿ.